ಮುದ್ರೆಯಿಲ್ಲದ ಬಂದೂಕಿನ ಹಿಡಿ: ಮಾಡಿದವರನ್ನು ಗುರುತಿಸುವುದು ಹೇಗೆ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಭಾಗದ ಶಾಲಾ ಕಾಲೇಜುಗಳ ಹಿರಿಯ ಅಧ್ಯಾಪಕರಲ್ಲಿ ಕೆಲವರಾದರೂ ತಮ್ಮ ವಿದ್ಯಾರ್ಥಿ ದಿನಗಳಲ್ಲಿ ಎನ್.ಸಿ.ಸಿ. ಸೇರಿದ್ದವರು ಇರುತ್ತಾರೆ. ‘ತ್ರೀ ನಾಟ್ ತ್ರೀ’ ಎಂದರೇನೆಂದು ಅವರನ್ನು ಕೇಳಿ ನೋಡಿ. ಭುಜ ನೋಯುವಷ್ಟು ಹೊತ್ತು ಹೊತ್ತು ಕವಾಯತು ಮಾಡಿದ, ಸುಮಾರು 4 ಕಿಲೋಗ್ರಾಂ ತೂಕದ ಆ ರೈಫಲ್ ಅವರಿಗೆ ಚೆನ್ನಾಗಿ ನೆನಪಿರುತ್ತದೆ. ನಳಿಗೆಯ ಒಳವ್ಯಾಸ 0.303 ಅಂಗುಲ, ಎಂದರೆ ಸುಮಾರು 7.7 ಮಿಲಿಮೀಟರ್. ಆದ್ದರಿಂದಲೇ ಅದಕ್ಕೆ ಆ ಹೆಸರು.

ಈ ರೈಫಲ್ಲಿನ ಉಕ್ಕಿನ ಭಾಗದ ಮೇಲೆ ಕಾರ್ಖಾನೆಯ ಹೆಸರು, ವರ್ಷ, ಸಂಖ್ಯೆ ಎಲ್ಲವೂ ಕೊರೆದಿರುತ್ತವೆ. ಆದರೆ ಅದರ ಉದ್ದದ ಬಹುಭಾಗವನ್ನು ಆವರಿಸಿರುವುದು ಮರ. ಭುಜಕ್ಕೆ ಒತ್ತಿಕೊಳ್ಳುವ ‘ಬಟ್’, ನಳಿಗೆಯನ್ನು ಕೆಳಗಿನಿಂದ ಹಿಡಿದಿಡುವ ಮುಂದಿನ ಹಿಡಿ, ನಳಿಗೆಯ ಮೇಲಿನ ಹೊದಿಕೆ ಎಲ್ಲವೂ ಮರದವು. ಎಷ್ಟೋ ಹಳೆಯ ರೈಫಲ್‌ಗಳಲ್ಲಿ ಈ ಮರದ ಮೇಲೆ ಯಾವ ಮುದ್ರೆಯೂ ಕಾಣುವುದಿಲ್ಲ. ಅಂಥ ಹಿಡಿಯನ್ನು ಮಾಡಿದವರು ಯಾರು? ಯಾವ ದೇಶದ ಯಾವ ಕಾರ್ಖಾನೆ? ಉತ್ತರ ಹುಡುಕಲು ಇತಿಹಾಸದ ಜೊತೆಗೆ ಸಸ್ಯಶಾಸ್ತ್ರ, ರಸಾಯನಶಾಸ್ತ್ರ ಮತ್ತು ಯಂತ್ರವಿಜ್ಞಾನ ಬೇಕು. ಜೊತೆಗೆ, ಎಲ್ಲಿ ನಿಲ್ಲಬೇಕೆಂಬ ತಿಳಿವಳಿಕೆಯೂ ಬೇಕು.

ಇದು ಕೇವಲ ಹವ್ಯಾಸಿಗಳ ಕುತೂಹಲವಲ್ಲ. ವಸ್ತುಸಂಗ್ರಹಾಲಯದಲ್ಲಿ ಒಂದು ವಸ್ತುವಿನ ಕೆಳಗೆ ತಪ್ಪು ಚೀಟಿ ಅಂಟಿಸಿದರೆ ಆ ತಪ್ಪು ನೂರು ವರ್ಷ ಬಾಳುತ್ತದೆ. ಮುಂದಿನವರು ಅದನ್ನೇ ಆಧಾರವೆಂದು ಬರೆಯುತ್ತಾರೆ. ಇನ್ನೊಂದೆಡೆ, ತ್ರೀ ನಾಟ್ ತ್ರೀಗಳ ಕಾಲವೂ ಮುಗಿಯುತ್ತ ಬಂದಿದೆ. 2020ರ ಗಣರಾಜ್ಯೋತ್ಸವದಂದು ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿಧ್ಯುಕ್ತವಾಗಿ ವಿದಾಯ ಹೇಳಿದರು. ಸೇವೆಯಿಂದ ಹೊರಬಿದ್ದ ಆಯುಧಗಳು ಸಾಮಾನ್ಯವಾಗಿ ನಾಶವಾಗುತ್ತವೆ. ಉಕ್ಕು ಕುಲುಮೆಗೆ ಹೋದರೆ ಮರ ಬೆಂಕಿಗೆ ಹೋಗುತ್ತದೆ. ಸಾಕ್ಷಿ ಉಳಿದಿರುವಾಗಲೇ ಅದನ್ನು ಓದಲು ಕಲಿಯಬೇಕು.

ಬಂದೂಕು ಮತ್ತು ನಮ್ಮ ಸೀಮೆ

ಮೇಲೆ ಹೆಸರಿಸಿದ ಐದೂ ತಾಲ್ಲೂಕುಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿವೆ. ಹರಪನಹಳ್ಳಿ, ಜರಿಮಲೆ, ಗುಡೇಕೋಟೆಗಳು ಒಂದು ಕಾಲಕ್ಕೆ ಪಾಳೆಯಗಾರರ ನೆಲೆಗಳಾಗಿದ್ದವು. ಅವರ ಪಡೆಗಳಲ್ಲಿ ಬಂದೂಕು ಹಿಡಿದ ಕಾಲಾಳುಗಳಿದ್ದರು. ಹೊತ್ತಿಕೊಂಡ ಬತ್ತಿಯಿಂದ ಮದ್ದಿಗೆ ಕಿಡಿ ಮುಟ್ಟಿಸುವ ಆ ಬಂದೂಕುಗಳು ಕೈಕೆಲಸದವು. ನಳಿಗೆ ಕಮ್ಮಾರನದು, ಹಿಡಿ ಬಡಗಿಯದು. ಒಂದರಂತೆ ಇನ್ನೊಂದಿರಲಿಲ್ಲ.

1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಈ ‘ದತ್ತ ಮಂಡಲ’ಕ್ಕೆ ಪ್ರಧಾನ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದು ಪಾಳೆಯಗಾರರ ಸೈನಿಕಬಲವನ್ನು ಮುರಿದನು. ಅರ್ಧ ಶತಮಾನದ ಬಳಿಕ, 1857ರಲ್ಲಿ, ನಿಶ್ಶಸ್ತ್ರೀಕರಣ ಕಾಯಿದೆ ಬಂತು. ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿ ದಂಗೆಯೆದ್ದ ಸಂಗತಿ ಲಾವಣಿಯಾಗಿ ಉಳಿದಿದೆ. ಹಡಗಲಿ ತಾಲ್ಲೂಕಿಗೆ ಎದುರಾಗಿ ತುಂಗಭದ್ರೆಯ ಆಚೆ ದಡದಲ್ಲಿರುವ ಹಮ್ಮಿಗಿಯಲ್ಲಿ ಕೆಂಚನಗೌಡರು ಕೂಡಿಟ್ಟಿದ್ದ ಆಯುಧಗಳು ಸರ್ಕಾರದ ಕಣ್ಣಿಗೆ ಬಿದ್ದದ್ದು 1858ರ ಮೇ ತಿಂಗಳಲ್ಲಿ. ಅದೇ ಮುಂಡರಗಿ ಭೀಮರಾಯರ ಬಂಡಾಯಕ್ಕೆ ಕಿಡಿಯಾಯಿತು. ಜೂನ್ 1ರಂದು ಕೊಪ್ಪಳದ ಕೋಟೆಯಲ್ಲಿ ಅವರು ಮಡಿದರು. ಮುಂದೆ 1878ರ ಭಾರತೀಯ ಆಯುಧ ಕಾಯಿದೆಯಿಂದ, ಪರವಾನಗಿ ಇಲ್ಲದೆ ಬಂದೂಕು ಮಾಡುವುದೂ ಇಟ್ಟುಕೊಳ್ಳುವುದೂ ಅಪರಾಧವಾಯಿತು. ಊರಿನ ಬಂದೂಕು ಕಸುಬು ಕುಗ್ಗಿತು.

ಈ ಇತಿಹಾಸದಿಂದಾಗಿ ನಮ್ಮ ಕಡೆ ಹಳೆಯ ಬಂದೂಕು ಎಲ್ಲಿ ಕಂಡರೂ ‘ಇದು ಪಾಳೆಯಗಾರರ ಕಾಲದ್ದು’ ಎಂಬ ಮಾತು ಸುಲಭವಾಗಿ ಹುಟ್ಟುತ್ತದೆ. ಅದು ನಿಜವಿರಬಹುದು, ಇಲ್ಲದಿರಬಹುದು. ಊರ ಬಡಗಿ ಕೈಗೆ ಸಿಕ್ಕ ಮರವನ್ನು ಬಳಸುತ್ತಿದ್ದನು. ಆದ್ದರಿಂದ ಕೈಯಿಂದ ಮಾಡಿದ ಬಂದೂಕಿನ ಹಿಡಿ ಯಾವ ಮರದ್ದೆಂದು ತಿಳಿದರೆ ಅದು ಹುಟ್ಟಿದ ಸೀಮೆಯ ಬಗ್ಗೆ ಒಂದು ಸುಳಿವು ಸಿಗುತ್ತದೆ. ಕಾರ್ಖಾನೆಯ ರೈಫಲ್ಲಿನ ಕತೆ ಬೇರೆ. ಅದರ ಮರ ಸಮುದ್ರ ದಾಟಿ ಬಂದಿರಬಹುದು.

ಕೈಯಿಂದ ಯಂತ್ರಕ್ಕೆ

ಬಂದೂಕಿನ ಹಿಡಿ ಸರಳ ಆಕಾರದ್ದಲ್ಲ. ಅದರ ಮೈಯೆಲ್ಲ ಬಾಗು, ಒಳಗೆಲ್ಲ ಕುಳಿ. ಅದನ್ನು ಯಂತ್ರದಿಂದ ಕಡೆಯಬಹುದೆಂದು ತೋರಿಸಿದವನು ಅಮೆರಿಕದ ಥಾಮಸ್ ಬ್ಲಾಂಚರ್ಡ್. 1819ರಲ್ಲಿ ಅವನು ಹಕ್ಕುಪತ್ರ ಪಡೆದ ಕಡೆಯುವ ಯಂತ್ರದಲ್ಲಿ ಒಂದು ಮಾದರಿ ಹಿಡಿ ನಿಧಾನವಾಗಿ ತಿರುಗುತ್ತದೆ. ಅದರ ಮೈಗೆ ತಾಗಿ ಒಂದು ಚಕ್ರ ಏರಿಳಿಯುತ್ತದೆ. ಆ ಚಕ್ರದ ಚಲನೆಯನ್ನೇ ಅನುಸರಿಸಿ ಪಕ್ಕದಲ್ಲಿ ತಿರುಗುವ ಮರದ ತುಂಡನ್ನು ಅಲಗುಗಳು ಕತ್ತರಿಸುತ್ತವೆ. ಅಂಗಡಿಯಲ್ಲಿ ಬೀಗದ ಕೈಯನ್ನು ನಕಲು ಮಾಡುವ ಯಂತ್ರವನ್ನು ನೀವು ನೋಡಿದ್ದರೆ ತತ್ತ್ವ ಅರ್ಥವಾಗುತ್ತದೆ. 1850ರ ದಶಕದಲ್ಲಿ ಇಂಥ ಅಮೆರಿಕನ್ ಯಂತ್ರಗಳು ಇಂಗ್ಲೆಂಡಿನ ಎನ್‌ಫೀಲ್ಡ್ ಕಾರ್ಖಾನೆಗೆ ಬಂದವು. ಒಂದರ ಭಾಗ ಇನ್ನೊಂದಕ್ಕೆ ಹೊಂದುವ ಬಂದೂಕುಗಳು ಸಾವಿರಗಟ್ಟಲೆ ಹೊರಬಿದ್ದವು.

ತ್ರೀ ನಾಟ್ ತ್ರೀಗಳಲ್ಲಿ ನಮ್ಮ ದೇಶದಲ್ಲಿ ಹೆಚ್ಚು ಪರಿಚಿತವಾದ ಲೀ-ಎನ್‌ಫೀಲ್ಡ್ ಮಾರ್ಕ್ 3 ಮಾದರಿ 1907ರದು. ಅದನ್ನು ಇಂಗ್ಲೆಂಡಿನಲ್ಲಿ ಎನ್‌ಫೀಲ್ಡ್, ಬರ್ಮಿಂಗ್‌ಹ್ಯಾಮ್ ಮತ್ತು ಲಂಡನ್‌ಗಳ ಕಾರ್ಖಾನೆಗಳು ತಯಾರಿಸಿದವು. ಭಾರತದಲ್ಲಿ ಕೋಲ್ಕತ್ತಾದ ಬಳಿ ಹೂಗ್ಲಿ ದಂಡೆಯ ಇಶಾಪುರದ ರೈಫಲ್ ಕಾರ್ಖಾನೆಯೂ, ಆಸ್ಟ್ರೇಲಿಯಾದಲ್ಲಿ 1912ರಲ್ಲಿ ತೆರೆದ ಲಿತ್ಗೋ ಕಾರ್ಖಾನೆಯೂ ತಯಾರಿಸಿದವು. ಎರಡನೆಯ ಮಹಾಯುದ್ಧದ ಹೊತ್ತಿಗೆ ಬಂದ ‘ನಂಬರ್ 4’ ಮಾದರಿಯನ್ನು ಇಂಗ್ಲೆಂಡಿನ ಜೊತೆಗೆ ಕೆನಡಾ ಮತ್ತು ಅಮೆರಿಕಗಳಲ್ಲೂ ಮಾಡಲಾಯಿತು. ಇಶಾಪುರದ ಕಾರ್ಖಾನೆ ಸ್ವಾತಂತ್ರ್ಯದ ನಂತರವೂ ಮಾರ್ಕ್ 3 ರೈಫಲ್‌ಗಳನ್ನು ಮಾಡುತ್ತಿತ್ತು. 2021ರ ಅಕ್ಟೋಬರಿನಲ್ಲಿ ಶಸ್ತ್ರಾಸ್ತ್ರ ಕಾರ್ಖಾನೆಗಳ ಮಂಡಳಿಯನ್ನು ಏಳು ಕಂಪನಿಗಳಾಗಿ ವಿಂಗಡಿಸಿದಾಗ ಅದು ಅವುಗಳಲ್ಲಿ ಒಂದಕ್ಕೆ ಸೇರಿತು.

ಹೀಗೆ ನಮ್ಮ ಮುಂದಿರುವ ಮುದ್ರೆಯಿಲ್ಲದ ಹಿಡಿಗೆ ಹಲವು ‘ತಾಯಿಮನೆ’ಗಳು ಸಾಧ್ಯ. ಮೊದಲ ಹೆಜ್ಜೆಯೆಂದರೆ ಅದು ಯಾವ ಮಾದರಿಯ ಹಿಡಿ ಎಂದು ಆಕಾರದಿಂದ ನಿರ್ಧರಿಸುವುದು. ಮಾರ್ಕ್ 3ರ ಮುಂದಿನ ಹಿಡಿ ನಳಿಗೆಯ ತುದಿಯವರೆಗೆ ಚಾಚಿ ಒಂದು ಲೋಹದ ಟೊಪ್ಪಿಗೆಯಲ್ಲಿ ಕೊನೆಗೊಳ್ಳುತ್ತದೆ. ನಂಬರ್ 4ರಲ್ಲಿ ನಳಿಗೆಯ ತುದಿ ಬರಿದಾಗಿ ಹೊರಗೆ ಕಾಣುತ್ತದೆ. ಇಷ್ಟರಿಂದಲೇ ಸಾಧ್ಯತೆಗಳಲ್ಲಿ ಹಲವು ಬಿಟ್ಟುಹೋಗುತ್ತವೆ.

ಮುದ್ರೆ ಏಕೆ ಇಲ್ಲ?

ಮುದ್ರೆ ಇಲ್ಲವೆಂದರೆ ಮುದ್ರೆ ಹಾಕಿರಲೇ ಇಲ್ಲವೆಂದು ಅರ್ಥವಲ್ಲ. ಕಾರಣಗಳು ಹಲವು.

ಮೊದಲನೆಯದು ಸವೆತ. ಮರದ ಮೇಲಿನ ಮುದ್ರೆ ಎಂದರೆ ಉಕ್ಕಿನ ಅಚ್ಚಿನಿಂದ ಒತ್ತಿದ ಗುರುತು. ದುರಸ್ತಿಯ ಸಮಯದಲ್ಲಿ ಮರಳು ಕಾಗದದಿಂದ ಉಜ್ಜಿದಾಗ ಅದು ಮಾಸುತ್ತದೆ. ಎರಡು ಮೂರು ಬಾರಿ ಉಜ್ಜಿದರೆ ಬರಿಗಣ್ಣಿಗೆ ಕಾಣದಂತಾಗುತ್ತದೆ.

ಎರಡನೆಯದು ಬದಲಿ. ಬಟ್ ಮತ್ತು ಮುಂದಿನ ಹಿಡಿ ಎರಡು ಬೇರೆ ಬೇರೆ ತುಂಡುಗಳು. ಬಟ್ ಒಡೆದರೆ ಉಗ್ರಾಣದಿಂದ ಇನ್ನೊಂದು ತಂದು, ಅದರೊಳಗೆ ಉದ್ದಕ್ಕೆ ಹೋಗುವ ಬೋಲ್ಟ್ ಬಿಗಿದರೆ ಸಾಕು. ಹೀಗಾಗಿ ಒಂದೇ ರೈಫಲ್ಲಿನ ಉಕ್ಕು ಇಂಗ್ಲೆಂಡಿನದು, ಬಟ್ ಭಾರತದ್ದು, ಮುಂದಿನ ಹಿಡಿ ಆಸ್ಟ್ರೇಲಿಯಾದ್ದು ಆಗಿರಬಹುದು. ಉಕ್ಕಿನ ಮೇಲಿನ ಹೆಸರನ್ನು ನೋಡಿ ಮರಕ್ಕೂ ಅದೇ ಹೆಸರು ಕೊಡುವುದು ಈ ವಿಷಯದಲ್ಲಿ ಅತ್ಯಂತ ಸಾಮಾನ್ಯವಾದ ತಪ್ಪು. ಮೂಲ ಜೋಡಣೆಯಲ್ಲಿ ಉಕ್ಕಿನ ಭಾಗದ ಸಂಖ್ಯೆಯನ್ನೇ ಮುಂದಿನ ಹಿಡಿಯ ತುದಿಯ ಕೆಳಬದಿಗೂ ಒತ್ತುವ ಪದ್ಧತಿಯಿತ್ತು. ಎರಡೂ ಹೊಂದಿದರೆ ಮಾತ್ರ ಅವು ಒಟ್ಟಿಗೆ ಇದ್ದವೆಂದು ಹೇಳಬಹುದು.

ಮೂರನೆಯ ಕಾರಣ ಸ್ವಾರಸ್ಯಕರ. ಎತ್ತರದ ಸೈನಿಕನಿಗೂ ಗಿಡ್ಡ ಸೈನಿಕನಿಗೂ ಒಂದೇ ಉದ್ದದ ಬಟ್ ಹೊಂದುವುದಿಲ್ಲ. ಆದ್ದರಿಂದ ಬಟ್‌ಗಳನ್ನು ನಾಲ್ಕು ಅಳತೆಗಳಲ್ಲಿ ಮಾಡುತ್ತಿದ್ದರು. ಸಾಮಾನ್ಯ ಅಳತೆಗಿಂತ ಅರ್ಧ ಅಂಗುಲ ಉದ್ದದ್ದು, ಅರ್ಧ ಅಂಗುಲ ಚಿಕ್ಕದು, ಒಂದು ಅಂಗುಲ ಚಿಕ್ಕದು. ಈ ಮೂರಕ್ಕೂ ಒಂದೊಂದು ಇಂಗ್ಲಿಷ್ ಅಕ್ಷರದ ಗುರುತು. ಸಾಮಾನ್ಯ ಅಳತೆಯದಕ್ಕೆ ಬಹುತೇಕ ಯಾವ ಗುರುತೂ ಇರಲಿಲ್ಲ! ಇಲ್ಲಿ ಗುರುತು ಇಲ್ಲದಿರುವುದೇ ಒಂದು ಗುರುತು. ಅಳತೆಪಟ್ಟಿ ಹಿಡಿದವರಿಗೆ ಮಾತ್ರ ಅದು ತಿಳಿಯುತ್ತದೆ.

ನಾಲ್ಕನೆಯದು ಯುದ್ಧಕಾಲದ ಆತುರ. ಹಳೆಯ ಬಟ್‌ಗಳ ಬಲಬದಿಯಲ್ಲಿ ಹಿತ್ತಾಳೆಯ ಒಂದು ಬಿಲ್ಲೆ ಇರುತ್ತಿತ್ತು. ಅದರ ಮೇಲೆ ಪಡೆಯ ಹೆಸರನ್ನು ಕೊರೆಯುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಕೆಲಸ ಮತ್ತು ವೆಚ್ಚ ಉಳಿಸಲು ಬಿಲ್ಲೆಯನ್ನು ಕೈಬಿಟ್ಟರು. ಬಿಲ್ಲೆಯ ಕುಳಿ ಇದೆಯೇ, ಮರದ ಬಿರಡೆಯಿಂದ ಮುಚ್ಚಿದೆಯೇ, ಕುಳಿಯೇ ಇಲ್ಲವೇ ಎಂಬುದು ಕಾಲನಿರ್ಣಯಕ್ಕೆ ನೆರವಾಗುತ್ತದೆ.

ಹೊರಗೆ ಓರೆ ಬೆಳಕು, ಒಳಗೆ ಉಳಿಯ ಗುರುತು

ಬಾಗಳಿಯ ಕಲ್ಲೇಶ್ವರ ದೇವಾಲಯದಲ್ಲೋ ಕೊಟ್ಟೂರಿನ ಬಳಿಯ ಅಂಬಳಿಯ ದೇವಾಲಯದಲ್ಲೋ ಸವೆದ ಶಾಸನವನ್ನು ಓದಲು ಯತ್ನಿಸಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ನಡುಹಗಲಿನ ನೇರ ಬೆಳಕಿನಲ್ಲಿ ಅಕ್ಷರ ಕಾಣುವುದಿಲ್ಲ. ಸಂಜೆಯ ಓರೆ ಬಿಸಿಲಿನಲ್ಲಿ ಅದೇ ಅಕ್ಷರದ ಅಂಚಿಗೆ ನೆರಳು ಬಿದ್ದು ಎದ್ದು ಕಾಣುತ್ತದೆ. ಮರದ ಮೇಲಿನ ಮಾಸಿದ ಮುದ್ರೆಗೂ ಇದೇ ಉಪಾಯ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಮರದ ಮೈಗೆ ಸಮಾಂತರವಾಗಿ ಹಿಡಿದು, ಎಲ್ಲ ದಿಕ್ಕಿನಿಂದಲೂ ತಿರುಗಿಸಿ ನೋಡಬೇಕು. ಎಷ್ಟೋ ‘ಮುದ್ರೆಯಿಲ್ಲದ’ ಹಿಡಿಗಳು ಇಷ್ಟಕ್ಕೇ ತಮ್ಮ ಹೆಸರು ಹೇಳಿಬಿಡುತ್ತವೆ.

ಅಲ್ಲಿಯೂ ಸಿಗದಿದ್ದರೆ ಒಳಗೆ ನೋಡಬೇಕು. ಹೊರಮೈಯನ್ನು ಉಜ್ಜಿ ನುಣುಪು ಮಾಡುತ್ತಾರೆ. ಆದರೆ ನಳಿಗೆ ಕೂರುವ ಒಳಗಾಲುವೆಯನ್ನು ಯಾರೂ ಉಜ್ಜುವುದಿಲ್ಲ. ಯಂತ್ರದ ಅಲಗು ಬಿಟ್ಟ ಗೆರೆಗಳು ಅಲ್ಲಿ ಹಾಗೆಯೇ ಉಳಿದಿರುತ್ತವೆ. ಅವುಗಳ ಅಂತರ ಮರ ಎಷ್ಟು ವೇಗದಲ್ಲಿ ಸಾಗಿತು, ಅಲಗು ಎಷ್ಟು ವೇಗದಲ್ಲಿ ತಿರುಗಿತು, ಎಷ್ಟು ಅಲಗುಗಳಿದ್ದವು ಎಂಬುದನ್ನು ಅವಲಂಬಿಸಿರುತ್ತದೆ. ಒಂದು ಅಲಗಿನ ಬಾಯಿ ಮುಕ್ಕಾಗಿದ್ದರೆ ಆ ಮುಕ್ಕಿನ ಗೆರೆ ಪ್ರತಿ ಸುತ್ತಿನಲ್ಲೂ ಮರುಕಳಿಸುತ್ತದೆ.

ಇಂಥ ಗೆರೆಗಳಿಂದ ಕಾರ್ಖಾನೆಯನ್ನು ಹುಡುಕಿದ ಪ್ರಸಿದ್ಧ ಉದಾಹರಣೆಯೊಂದಿದೆ. 1932ರಲ್ಲಿ ಅಮೆರಿಕದ ವಿಮಾನಯಾನಿ ಚಾರ್ಲ್ಸ್ ಲಿಂಡ್‌ಬರ್ಗ್‌ನ ಮಗುವನ್ನು ಅಪಹರಿಸಿದವನು ಒಂದು ಮರದ ಏಣಿಯನ್ನು ಬಿಟ್ಟುಹೋಗಿದ್ದನು. ವಿಸ್ಕಾನ್ಸಿನ್‌ನ ಅರಣ್ಯ ಉತ್ಪನ್ನಗಳ ಪ್ರಯೋಗಾಲಯದ ಆರ್ಥರ್ ಕೋಲರ್ ಅದರ ಹಲಗೆಗಳನ್ನು ಪರೀಕ್ಷಿಸಿದನು. ಅಗಲದ ಬದಿಗಳನ್ನು ಎಂಟು ಅಲಗಿನ ಯಂತ್ರವೂ, ಅಂಚುಗಳನ್ನು ಆರು ಅಲಗಿನದೂ ಹೆರೆದಿದೆಯೆಂದು ಗೆರೆಗಳಿಂದ ಕಂಡುಕೊಂಡನು. ಮರ ಕೊಯ್ಯುವ ಕಾರ್ಖಾನೆಗಳಿಗೆ ಪತ್ರ ಬರೆದು, ಮಾದರಿಗಳನ್ನು ತರಿಸಿ ಹೋಲಿಸಿ, ಕೊನೆಗೆ ದಕ್ಷಿಣ ಕ್ಯಾರೊಲಿನಾದ ಒಂದು ಕಾರ್ಖಾನೆಯನ್ನೂ, ಅಲ್ಲಿಂದ ನ್ಯೂಯಾರ್ಕಿನ ಬ್ರಾಂಕ್ಸ್‌ನ ಒಂದು ಮರದ ಅಂಗಡಿಯನ್ನೂ ತಲುಪಿದನು. 1935ರ ವಿಚಾರಣೆಯಲ್ಲಿ ಅವನ ಸಾಕ್ಷ್ಯ ಮಹತ್ವದ್ದಾಯಿತು. ಆ ಹಲಗೆಗಳ ಮೇಲೂ ಯಾವ ಮುದ್ರೆ ಇರಲಿಲ್ಲ ಎಂಬುದನ್ನು ಗಮನಿಸಿ. ಅವನಿಗೆ ದಾರಿ ತೋರಿದ್ದು ಹೋಲಿಸಲು ಸಿಕ್ಕ ಮಾದರಿಗಳು. ಬಂದೂಕಿನ ಹಿಡಿಗೂ ಇದೇ ನಿಯಮ. ಹುಟ್ಟಿದ ಜಾಗ ಖಚಿತವಾಗಿ ಗೊತ್ತಿರುವ ಹಿಡಿಗಳ ಒಳಗೆರೆಗಳೊಂದಿಗೆ ಹೋಲಿಸದೆ ಬರಿಯ ಗೆರೆಯಿಂದ ಏನೂ ತಿಳಿಯದು.

ಮರದ ಸಾಕ್ಷಿ

ಈಗ ಮರಕ್ಕೆ ಬರೋಣ. ಬಂದೂಕಿನ ಹಿಡಿಗೆ ಬಹುಕಾಲದಿಂದ ಮೆಚ್ಚಿನ ಮರ ವಾಲ್ನಟ್, ಎಂದರೆ ನಾವು ತಿನ್ನುವ ಅಕ್ರೋಟಿನ ಮರ. ಒಣಗಿದಾಗ ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 0.64 ಗ್ರಾಂ. ಅದು ಹದವಾಗಿ ಒಣಗಿದ ಮೇಲೆ ಸುಲಭವಾಗಿ ಡೊಂಕಾಗುವುದಿಲ್ಲ. ಗುಂಡು ಹಾರಿದಾಗಿನ ಹಿನ್ನೊದೆತವನ್ನು ಸೀಳದೆ ತಾಳಿಕೊಳ್ಳುತ್ತದೆ, ಉಳಿಗೂ ಒಗ್ಗುತ್ತದೆ. ಆದರೆ ಯುದ್ಧಕಾಲದಲ್ಲಿ ಬೇಕಾದಷ್ಟು ವಾಲ್ನಟ್ ಸಿಗಲಿಲ್ಲ. ಇಂಗ್ಲೆಂಡ್ ಬೀಚ್ ಮರವನ್ನೂ, ಕೆನಡಾ ಮತ್ತು ಅಮೆರಿಕ ಬರ್ಚ್ ಮರವನ್ನೂ ಬಳಸಿದವು. ಆಸ್ಟ್ರೇಲಿಯಾ ಎರಡು ಮಹಾಯುದ್ಧಗಳ ನಡುವೆ ‘ಕ್ವೀನ್ಸ್‌ಲೆಂಡ್ ಮೇಪಲ್’ ಮರಕ್ಕೂ, 1940ರ ದಶಕದಲ್ಲಿ ‘ಕೋಚ್‌ವುಡ್’ ಮರಕ್ಕೂ ತಿರುಗಿತು. ಹೆಸರಿನಲ್ಲಿ ಮೇಪಲ್ ಇದ್ದರೂ ಕ್ವೀನ್ಸ್‌ಲೆಂಡ್ ಮೇಪಲ್ ನಿಜವಾದ ಮೇಪಲ್ ಅಲ್ಲ. ಅದು ನಮ್ಮ ನಿಂಬೆ, ಬಿಲ್ವಪತ್ರೆಗಳ ಕುಟುಂಬಕ್ಕೆ ಸೇರಿದ್ದು. ಮರದ ವ್ಯಾಪಾರದ ಹೆಸರನ್ನು ನಂಬಬಾರದು ಎಂಬುದಕ್ಕೆ ಇದೊಂದು ಪಾಠ.

ಮರವನ್ನು ಗುರುತಿಸಲು ಬಣ್ಣ ಸಾಕಲ್ಲವೇ ಎಂದು ನೀವು ಕೇಳಬಹುದು. ಸಾಲದು. ಸೈನ್ಯದಲ್ಲಿ ಈ ಹಿಡಿಗಳಿಗೆ ವರ್ಷಗಟ್ಟಲೆ ಅಗಸೆ ಎಣ್ಣೆಯನ್ನು ತಿಕ್ಕುತ್ತಿದ್ದರು. ನಮ್ಮ ಕಡೆ ಚಟ್ನಿಪುಡಿಗೆ ಬಳಸುವ ಅಗಸಿಯ ಎಣ್ಣೆಯೇ ಅದು. ಅದರ ಕೊಬ್ಬಿನಾಮ್ಲಗಳಲ್ಲಿ ಸುಮಾರು ಅರ್ಧದಷ್ಟು ಲಿನೊಲೆನಿಕ್ ಆಮ್ಲ. ಈ ಅಣುವಿನಲ್ಲಿ ಮೂರು ಜೋಡಿಬಂಧಗಳಿವೆ. ಅವು ಗಾಳಿಯ ಆಕ್ಸಿಜನ್ನನ್ನು ಹೀರಿ ಒಂದಕ್ಕೊಂದು ಬೆಸೆದುಕೊಂಡು ಗಟ್ಟಿ ಪೊರೆಯಾಗುತ್ತವೆ. ಪೊರೆ ನೀರನ್ನು ತಡೆಯುತ್ತದೆ, ಆದರೆ ಕಾಲಕ್ರಮೇಣ ಕಪ್ಪಾಗುತ್ತದೆ. ಐವತ್ತು ವರ್ಷದ ಎಣ್ಣೆ, ಬೆವರು, ಧೂಳು ಕೂಡಿದ ಮೇಲೆ ಬಿಳಿಯ ಬೀಚ್ ಕೂಡ ವಾಲ್ನಟ್ಟಿನಂತೆ ಕಾಣುತ್ತದೆ.

ಆದ್ದರಿಂದ ಮರದ ಅಂಗರಚನೆಯನ್ನೇ ನೋಡಬೇಕು. ಮರದ ಅಡ್ಡಕೊಯ್ತದಲ್ಲಿ ಕಾಣುವ ಚಿಕ್ಕ ತೂತುಗಳು ನೀರು ಸಾಗಿಸುವ ನಾಳಗಳ ಬಾಯಿಗಳು. ತಿರುಳಿನಿಂದ ತೊಗಟೆಯ ಕಡೆ ಹೋಗುವ ಗೆರೆಗಳು ಕಿರಣಗಳು. ತೇಗದಲ್ಲಿ ದೊಡ್ಡ ನಾಳಗಳು ಪ್ರತಿ ವಾರ್ಷಿಕ ಉಂಗುರದ ಆರಂಭದಲ್ಲಿ ಸಾಲುಗಟ್ಟಿರುತ್ತವೆ. ಇದನ್ನು ಉಂಗುರ-ರಂಧ್ರ ಮರ ಎನ್ನುತ್ತಾರೆ. ಬೀಚ್ ಮತ್ತು ಬರ್ಚ್‌ಗಳಲ್ಲಿ ಸಣ್ಣ ನಾಳಗಳು ಎಲ್ಲೆಡೆ ಚದುರಿರುತ್ತವೆ. ಇವು ಚದುರು-ರಂಧ್ರ ಮರಗಳು. ವಾಲ್ನಟ್ ಇವೆರಡರ ನಡುವಿನದು. ಅದರಲ್ಲಿ ನಾಳಗಳು ಉಂಗುರದ ಆರಂಭದಲ್ಲಿ ದೊಡ್ಡವಾಗಿದ್ದು ಕ್ರಮೇಣ ಚಿಕ್ಕವಾಗುತ್ತವೆ.

ಬೀಚ್ ಮತ್ತು ಬರ್ಚ್‌ಗಳನ್ನು ಬೇರ್ಪಡಿಸುವುದು ಹೇಗೆ? ಬೀಚ್‌ನಲ್ಲಿ ಕೆಲವು ಕಿರಣಗಳು ತುಂಬ ಅಗಲ. ಉದ್ದಕ್ಕೆ ಕೊಯ್ದ ಮೈಯಲ್ಲಿ ಅವು ಚಿಕ್ಕ ಕಂದು ಚುಕ್ಕೆಗಳಾಗಿ ಬರಿಗಣ್ಣಿಗೇ ಕಾಣುತ್ತವೆ. ಬರ್ಚ್‌ನಲ್ಲಿ ಹಾಗಿಲ್ಲ. ಆದರೆ ಸೂಕ್ಷ್ಮದರ್ಶಕದಲ್ಲಿ ಬರ್ಚ್‌ನ ಒಂದು ನಾಳಕೋಶ ಮುಂದಿನದಕ್ಕೆ ಕೂಡುವ ಕಡೆ ಏಣಿಯ ಮೆಟ್ಟಿಲಿನಂಥ ಅಡ್ಡಪಟ್ಟಿಗಳು ಕಾಣುತ್ತವೆ. ವಾಲ್ನಟ್‌ನಲ್ಲಿ ಆ ಜಾಗದಲ್ಲಿ ಒಂದೇ ತೆರೆದ ರಂಧ್ರ. ಕೋಚ್‌ವುಡ್ಡಿನಲ್ಲೂ ಏಣಿಯಂಥ ಪಟ್ಟಿಗಳಿವೆ. ಆದರೆ ಅಡ್ಡಕೊಯ್ತದಲ್ಲಿ ತೆಳು ಬಣ್ಣದ ಸಣ್ಣ ಪಟ್ಟೆಗಳು ಕಾಣುವುದರಿಂದಲೂ, ಹೊಸದಾಗಿ ಕೆರೆದಾಗ ಬರುವ ಸಿಹಿ ವಾಸನೆಯಿಂದಲೂ ಅದನ್ನು ಬರ್ಚ್‌ನಿಂದ ಬೇರ್ಪಡಿಸಬಹುದು.

ಇಂಥ ಲಕ್ಷಣಗಳನ್ನು ಎಲ್ಲರೂ ಒಂದೇ ರೀತಿ ಬರೆದಿಡಲೆಂದು ಅಂತರರಾಷ್ಟ್ರೀಯ ಮರ ಅಂಗರಚನಾ ತಜ್ಞರ ಸಂಘವು 1989ರಲ್ಲಿ 163 ಲಕ್ಷಣಗಳ ಪಟ್ಟಿಯೊಂದನ್ನು ಪ್ರಕಟಿಸಿತು. ನಮ್ಮ ರಾಜ್ಯದಲ್ಲಿ ಈ ಕೆಲಸಕ್ಕೆ ಹೆಸರಾದದ್ದು ಬೆಂಗಳೂರಿನ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ. ಮೈಸೂರು ಸಂಸ್ಥಾನವು 1938ರಲ್ಲಿ ಆರಂಭಿಸಿದ ಅರಣ್ಯ ಸಂಶೋಧನಾ ಪ್ರಯೋಗಾಲಯವೇ ಬೆಳೆದು ಈ ಸಂಸ್ಥೆಯಾಯಿತು. ಅಲ್ಲಿಯೂ, ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿಯೂ ಗುರುತು ಖಚಿತವಾದ ಮರದ ಮಾದರಿಗಳ ಸಂಗ್ರಹಗಳಿವೆ. ಪರೀಕ್ಷೆಗೆ ಬೇಕಾಗುವುದು ಬೆಂಕಿಕಡ್ಡಿಯಷ್ಟು ಚಿಕ್ಕ ಚೂರು. ಅದನ್ನು ಒಳಗಾಲುವೆಯ ಕಾಣದ ಜಾಗದಿಂದ ತೆಗೆದು, ಮೆದುಗೊಳಿಸಿ, ಮಿಲಿಮೀಟರಿನ ಐವತ್ತನೆಯ ಒಂದು ಭಾಗದಷ್ಟು ತೆಳ್ಳಗೆ ಕೊಯ್ದು, ಬಣ್ಣ ಕೊಟ್ಟು ಸೂಕ್ಷ್ಮದರ್ಶಕದ ಕೆಳಗಿಡುತ್ತಾರೆ.

ಸಾಕ್ಷಿ ಎಲ್ಲಿ ನಿಲ್ಲುತ್ತದೆ?

ಈಗ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ನಿಮ್ಮ ಮುಂದೆ ಮಾರ್ಕ್ 3ರ ಮುದ್ರೆಯಿಲ್ಲದ ಮುಂದಿನ ಹಿಡಿಯೊಂದಿದೆ. ಅದು ಕೂತಿರುವ ಉಕ್ಕಿನ ಭಾಗದ ಮೇಲೆ ಇಶಾಪುರದ ಗುರುತಿದೆ. ಹಿಡಿಗೆ ಅಡ್ಡಲಾಗಿ ಒಂದು ತಿರುಪು ಹಾದುಹೋಗಿದೆ. ಮರ ಸೀಳದಂತೆ ಭಾರತದಲ್ಲಿ ಹಾಕುತ್ತಿದ್ದ ಈ ತಿರುಪನ್ನು ತಿಳಿದವರು ‘ಇಶಾಪುರ ತಿರುಪು’ ಎಂದೇ ಕರೆಯುತ್ತಾರೆ. ಇಷ್ಟನ್ನು ನೋಡಿ ಹಿಡಿಯೂ ಇಶಾಪುರದ್ದೇ ಎಂದು ಬರೆಯುವ ಆಸೆಯಾಗುತ್ತದೆ.

ಆದರೆ ಒಳಗೆ ನೋಡಿದರೆ ಹಿನ್ನೊದೆತ ತಾಗುವ ಜಾಗದಲ್ಲಿ ಚಿಕ್ಕ ತಾಮ್ರದ ಫಲಕಗಳನ್ನು ಕೂರಿಸಿದ್ದಾರೆ. ಚೂರನ್ನು ಪರೀಕ್ಷಿಸಿದರೆ ಕೋಚ್‌ವುಡ್. ಈ ಮರ ಬೆಳೆಯುವುದು ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಕಾಡುಗಳಲ್ಲಿ. ವಾಲ್ನಟ್ಟಿಗಿಂತ ಮೆದುವಾದ ಈ ಮರ ಹಿನ್ನೊದೆತಕ್ಕೆ ಜಜ್ಜಿಹೋಗಬಾರದೆಂದು ಲಿತ್ಗೋ ಕಾರ್ಖಾನೆ ತಾಮ್ರದ ಫಲಕಗಳನ್ನು ಬಳಸಿತು. ಮರವೂ ಲೋಹವೂ ಬೇರೆ ಬೇರೆ ದಾರಿಯಿಂದ ಒಂದೇ ಊರನ್ನು ತೋರಿಸುತ್ತಿವೆ. ಹಾಗಾದರೆ ತಿರುಪು? ಇಶಾಪುರ ತಿರುಪನ್ನು ಹೊಸ ಹಿಡಿಗಳಿಗೆ ಮಾತ್ರವಲ್ಲದೆ, ಭಾರತದಲ್ಲಿ ದುರಸ್ತಿಗೆ ಬಂದ ಬೇರೆ ಕಾರ್ಖಾನೆಗಳ ಹಿಡಿಗಳಿಗೂ ಹಾಕುತ್ತಿದ್ದರು. ಅದು ದುರಸ್ತಿಯ ಸಾಕ್ಷಿ. ಹುಟ್ಟು ಎಲ್ಲಿಯದೆಂದು ಅದರಿಂದ ತಿಳಿಯುವುದಿಲ್ಲ. ಹೀಗೆ ‘ಮಾಡಿದವರು ಯಾರು?’ ಎಂಬ ಒಂದು ಪ್ರಶ್ನೆಗೆ ಮೂರು ಉತ್ತರಗಳು. ಉಕ್ಕು ಇಶಾಪುರದ್ದು, ಮರ ಲಿತ್ಗೋವಿನದು, ದುರಸ್ತಿ ಭಾರತದ್ದು.

ಈಗ ಇದೇ ಹಿಡಿ ಕೋಚ್‌ವುಡ್ ಆಗಿರದೆ ವಾಲ್ನಟ್ ಆಗಿದ್ದರೆ? ಇಶಾಪುರಕ್ಕೆ ಬರುತ್ತಿದ್ದದ್ದು ಹಿಮಾಲಯದ ವಾಲ್ನಟ್. ಯೂರೋಪಿನ ಕಾರ್ಖಾನೆಗಳು ಬಳಸಿದ ಸ್ಥಳೀಯ ವಾಲ್ನಟ್ಟೂ ಅದೇ ಪ್ರಭೇದ, ಜಗ್ಲನ್ಸ್ ರೀಜಿಯ. ಕಾಶ್ಮೀರದ ಮರಕ್ಕೂ ಇಟಲಿಯ ಮರಕ್ಕೂ ಕೋಶರಚನೆಯಲ್ಲಿ ನಂಬಬಹುದಾದ ವ್ಯತ್ಯಾಸವಿಲ್ಲ. ಅಮೆರಿಕದ ಕರಿ ವಾಲ್ನಟ್ ಬೇರೆ ಪ್ರಭೇದ. ಅದನ್ನು ನಾಳಗಳ ಗೋಡೆಯ ಮೇಲಿನ ಗೀರುಗಳಂಥ ದಪ್ಪನೆಯ ರಚನೆಗಳಿಂದ ಬೇರ್ಪಡಿಸಬಹುದು. ಅದಕ್ಕಿಂತ ಮುಂದೆ ಸೂಕ್ಷ್ಮದರ್ಶಕ ಹೋಗಲಾರದು. ಮಣ್ಣಿನಿಂದ ಮರಕ್ಕೆ ಏರುವ ಸ್ಟ್ರಾನ್ಷಿಯಂ ಧಾತುವಿನ ಸಮಸ್ಥಾನಿಗಳ ಪ್ರಮಾಣದಿಂದ ಮರ ಬೆಳೆದ ನೆಲವನ್ನು ಅಂದಾಜು ಮಾಡುವ ವಿಧಾನವಿದೆ. ಆದರೆ ದಶಕಗಟ್ಟಲೆ ಎಣ್ಣೆ, ಬೆವರು, ಮಣ್ಣು ಕುಡಿದ ಹಿಡಿಯಲ್ಲಿ ಆ ಫಲಿತಾಂಶವನ್ನು ಎಚ್ಚರದಿಂದ ನೋಡಬೇಕಾಗುತ್ತದೆ. ಇಲ್ಲಿ ಪ್ರಾಮಾಣಿಕ ಉತ್ತರವೆಂದರೆ ಇಷ್ಟೇ: ‘ವಾಲ್ನಟ್, ಜಗ್ಲನ್ಸ್ ರೀಜಿಯ. ಕಾರ್ಖಾನೆ ನಿರ್ಧರಿಸಲು ಈ ಸಾಕ್ಷಿ ಸಾಲದು.’

ಮರ ತಾನು ಬೆಳೆದ ಕಾಡಿನ ಕುರಿತು ಹೇಳುತ್ತದೆ. ಗೆರೆ ಯಂತ್ರದ ಕುರಿತು, ತಿರುಪು ದುರಸ್ತಿಯ ಕುರಿತು, ಉಕ್ಕಿನ ಸಂಖ್ಯೆ ಜೋಡಣೆಯ ಕುರಿತು ಹೇಳುತ್ತವೆ. ಇವುಗಳಲ್ಲಿ ಯಾವುದೂ ಒಂಟಿಯಾಗಿ ಮಾಡಿದವರ ಹೆಸರನ್ನು ಹೇಳುವುದಿಲ್ಲ. ಬೇರೆ ಬೇರೆ ಮೂಲದ ಎರಡು ಮೂರು ಸಾಕ್ಷಿಗಳು ಒಂದೇ ಕಡೆ ಬೆರಳು ಮಾಡಿದಾಗ ಮಾತ್ರ ಹೆಸರು ಬರೆಯಬಹುದು.

ತರಗತಿಯಲ್ಲಿ ಮಾಡಿ ನೋಡಿ

ಇದನ್ನು ಕಲಿಯಲು ರೈಫಲ್ ಬೇಕಿಲ್ಲ. ಪರವಾನಗಿಯ ಬಂದೂಕಿರಲಿ, ಸಂಗ್ರಹಾಲಯದ ಆಯುಧವಿರಲಿ, ಅದನ್ನು ಬಿಚ್ಚುವುದಾಗಲಿ ಕೆರೆಯುವುದಾಗಲಿ ವಿದ್ಯಾರ್ಥಿಗಳ ಕೆಲಸವಲ್ಲ. 1959ರ ಆಯುಧ ಕಾಯಿದೆ ಹಳೆಯ ಬಂದೂಕಿಗೂ ಅನ್ವಯಿಸುತ್ತದೆ ಎಂಬುದು ನೆನಪಿರಲಿ.

ಬದಲಿಗೆ ನಿಮ್ಮೂರಿನ ಬಡಗಿಯ ಬಳಿ ಹೋಗಿ ತೇಗ, ಜಾಲಿ, ಹೊಂಗೆ, ಬೇವುಗಳ ಕೈಯಗಲದ ತುಂಡುಗಳನ್ನು ಕೇಳಿ ತನ್ನಿ. ಪ್ರತಿಯೊಂದರ ಹಿಂದೆ ಪೆನ್ಸಿಲಿನಿಂದ ಹೆಸರು, ಊರು, ದಿನಾಂಕ ಬರೆಯಿರಿ. ಅಧ್ಯಾಪಕರು ಹರಿತವಾದ ಬ್ಲೇಡಿನಿಂದ ಅಡ್ಡಕೊಯ್ತದ ಒಂದು ಮೂಲೆಯನ್ನು ನುಣುಪಾಗಿ ಕೊಯ್ದು ನೀರು ಹಚ್ಚಲಿ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡಿ. ತೇಗದ ಉಂಗುರದಲ್ಲಿ ದೊಡ್ಡ ನಾಳಗಳ ಸಾಲು ಕಾಣಬೇಕು. ಜಾಲಿಯಲ್ಲಿ ಪ್ರತಿ ನಾಳದ ಸುತ್ತ ತೆಳು ಬಣ್ಣದ ಪ್ರಭಾವಳಿಯಿರುತ್ತದೆ. ಹೊಂಗೆಯಲ್ಲಿ ಅಂಥ ತೆಳು ಬಣ್ಣ ಪಟ್ಟೆಪಟ್ಟೆಯಾಗಿ ಹರಡಿರುತ್ತದೆ. ಕಂಡದ್ದನ್ನು ಚಿತ್ರ ಬರೆಯಿರಿ. ಬೇವಿನಲ್ಲಿ ಏನು ಕಾಣುತ್ತದೆಂದು ನೀವೇ ಬರೆಯಿರಿ.

ಅನಂತರ ಪರೀಕ್ಷೆ. ಮನೆಯಲ್ಲಿ ಬಳಕೆ ತಪ್ಪಿದ ಕುಂಟೆಯ ಹಿಡಿ, ಗಾಡಿಯ ಅರ, ಒನಕೆಯ ತುಂಡು ಯಾವುದಾದರೂ ಇದ್ದರೆ ತನ್ನಿ. ಅದರ ಮರ ಯಾವುದೆಂದು ಮೊದಲು ಬರಿಗಣ್ಣಿನಿಂದ ಊಹಿಸಿ ಬರೆದಿಡಿ. ಆಮೇಲೆ ಕೊಯ್ದು ನೋಡಿ ನಿಮ್ಮ ಮಾದರಿಗಳೊಂದಿಗೆ ಹೋಲಿಸಿ. ಕೊನೆಗೆ ಮನೆಯ ಹಿರಿಯರನ್ನು ಕೇಳಿ. ನಿಮ್ಮ ವರದಿಯಲ್ಲಿ ಮೂರು ಸಾಲುಗಳು ಪ್ರತ್ಯೇಕವಾಗಿರಲಿ: ನಾವು ನೋಡಿದ್ದು, ನಾವು ಊಹಿಸಿದ್ದು, ನಮಗೆ ಇನ್ನೂ ತಿಳಿಯದ್ದು. ಮೂರನೆಯ ಸಾಲನ್ನು ಖಾಲಿ ಬಿಟ್ಟ ವರದಿಗೆ ಅಧ್ಯಾಪಕರು ಪೂರ್ಣ ಅಂಕ ಕೊಡದಿದ್ದರೆ ಒಳ್ಳೆಯದು.

ಬಾಗಳಿ, ಅಂಬಳಿ, ಹಿರೇಹಡಗಲಿಗಳ ಚಾಲುಕ್ಯ ದೇವಾಲಯಗಳಲ್ಲಿ ಹೆಸರು ಕೊರೆಯದ ಕಂಬಗಳು ಎಷ್ಟೋ ಇವೆ. ಅವನ್ನು ಕಡೆದವರೂ, ಇಶಾಪುರದಲ್ಲಿ ಯಂತ್ರದ ಮುಂದೆ ನಿಂತು ಹಿಡಿ ಕಡೆದವರೂ, ಪಾಳೆಯಗಾರನ ಕಾಲಾಳಿಗೆ ಬಂದೂಕು ಹೊಂದಿಸಿಕೊಟ್ಟ ಊರ ಬಡಗಿಯೂ ತಮ್ಮ ಹೆಸರನ್ನು ಬಿಟ್ಟುಹೋಗಿಲ್ಲ. ಅವರು ಬಿಟ್ಟಿರುವುದು ಉಳಿಯ ಗುರುತು, ಮರದ ಆಯ್ಕೆ, ತಿರುಪು ಹಾಕಿದ ಜಾಗ. ಅಷ್ಟನ್ನಾದರೂ ಸರಿಯಾಗಿ ಓದಿದರೆ ಒಬ್ಬರು ಮಾಡಿದ ಕೆಲಸಕ್ಕೆ ಇನ್ನೊಬ್ಬರ ಹೆಸರು ಬರೆಯುವ ತಪ್ಪಿನಿಂದ ನಾವು ಪಾರಾಗುತ್ತೇವೆ.